ಹಾರ್ನಿನ ಹಾಳೆಗೊಂದು ಬಿನ್ನವತ್ತಳೆ

ಕಳೆದ ಮಾಘಮಾಸದಲ್ಲಿ ಹಾಸನದ ಬಿ.ಎಂ. ರಸ್ತೆಯ ಮೇಲೆ ಹೊರಟ ಮದುವೆಯ ಮೆರವಣಿಗೆಯೊಂದರಲ್ಲಿ, ಒಂದೇ ಮೋಹನ ರಾಗವು ಏಕಕಾಲಕ್ಕೆ ನಾಲ್ಕು ಶ್ರುತಿಗಳಲ್ಲಿ ಅವತರಿಸಿದ್ದನ್ನು ಕಿವಿಯಾರೆ ಕೇಳಿದ ಭಾಗ್ಯಶಾಲಿಗಳಲ್ಲಿ ನಾನೂ ಒಬ್ಬ. ಹೆಣ್ಣಿನ ಕಡೆಯ ಹಿರಿಯರು ಆ ನಾದ ಒಮ್ಮೆ ಒಳಹೊಕ್ಕ ಮೇಲೆ ಹೊರಗೆ ಹೋಗದಿರಲೆಂದು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡರು. ಗಂಡಿನ ಸೋದರಮಾವ ಏಕಾಂತದಲ್ಲಿ ಮೆಲುಕು ಹಾಕಲೆಂದು ಕಾರಿನ ಗಾಜು ಏರಿಸಿಕೊಂಡರು. ಎತ್ತಿನಗಾಡಿಯೊಂದರ ಎತ್ತುಗಳು ಬಂದ ದಾರಿಯಲ್ಲೇ ತಿರುಗಿ, ಈ ಸುದ್ದಿಯನ್ನು ಊರಿಗೆ ಮುಟ್ಟಿಸುವ ಆತುರದಲ್ಲಿ ಹೊರಟೇಬಿಟ್ಟವು.

ಇಷ್ಟೆಲ್ಲದರ ಹಿಂದಿದ್ದ ಮಹನೀಯರು ಊದುವವರ ಸಾಲಿನಲ್ಲಿ ಇರಲಿಲ್ಲ. ಊದುವವರ ಮುಂದೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿಕೊಂಡು ಅಲುಗುತ್ತಿದ್ದ ಹಾಳೆಗಳನ್ನು ಸಿದ್ಧಪಡಿಸಿದವರು ಅವರು. ಸುತ್ತಮುತ್ತಲ ನಾಲ್ಕು ತಾಲೂಕುಗಳ ಬ್ಯಾಂಡ್‌ಸೆಟ್ಟಿನವರು ಅವರನ್ನು ನೊಟೇಶನ್ ಮೇಷ್ಟ್ರು ಎಂದು ಕರೆಯುತ್ತಾರೆ. ಹೆಸರು ಹೇಳಿದರೆ ಅವರ ವಿನಯಕ್ಕೆ ನೋವಾದೀತೆಂದು ನಾನು ಹೇಳುತ್ತಿಲ್ಲ. ಅವರಿಗೂ, ಹದಿನೆಂಟನೆಯ ಶತಮಾನದಿಂದ ಹರಿದುಬಂದು ಅವರ ಲೇಖನಿಯಲ್ಲಿ ಪರಾಕಾಷ್ಠೆ ಮುಟ್ಟಿರುವ ಒಂದು ಭವ್ಯ ಪರಂಪರೆಗೂ ಸಲ್ಲಬೇಕಾದ ಬಿನ್ನವತ್ತಳೆ ಇನ್ನೂ ಸಲ್ಲದಿರುವುದು ನಮ್ಮ ಸೀಮೆಗೆ ಕಳಂಕ. ಆ ಕಳಂಕವನ್ನು ತೊಡೆಯುವ ಕಿರುಯತ್ನ ಇದು.

ಲಗ್ನದ ಕಾಲದಲ್ಲಿ ಯಾವ ಬ್ಯಾಂಡ್‌ಸೆಟ್ಟೂ ಪೂರ್ತಿಯಾಗಿ ಒಂದೇ ಊರಿನದಾಗಿರುವುದಿಲ್ಲ. ಅಲ್ಲೊಬ್ಬರನ್ನು ಇಲ್ಲೊಬ್ಬರನ್ನು ಕರೆತಂದು, ಒಂದೇ ಬಣ್ಣದ ಕೋಟು ತೊಡಿಸಿದರೆ ಸೆಟ್ಟಾಯಿತು. ಅಂದು ಟ್ರಂಪೆಟ್ ಹೊಳೆನರಸೀಪುರದಿಂದ ಬಂದಿತ್ತು, ಆಲ್ಟೋ ಸ್ಯಾಕ್ಸೊಫೋನ್ ಚನ್ನರಾಯಪಟ್ಟಣದಿಂದ. ಯೂಫೋನಿಯಂ ಹಾಸನದ್ದೇ. ಈ ಮೂರಕ್ಕೆ ಕಿರೀಟವಿಟ್ಟಂತೆ ಅರಕಲಗೂಡಿನ ಕಡೆಯ ಒಬ್ಬ ಹಿರಿಯರು ತಮ್ಮ ಫ್ರೆಂಚ್ ಹಾರ್ನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಸಮವಸ್ತ್ರದ ಬ್ಯಾಂಡಿನಲ್ಲಿ ಊದಿ ನಿವೃತ್ತರಾದವರು. ಸುತ್ತು ಬಿಚ್ಚಿದರೆ ಹನ್ನೆರಡು ಅಡಿ ಉದ್ದವಾಗುವ ಆ ಕೊಳವೆಯನ್ನು ಕಂಡ ಮಕ್ಕಳು ‘ಜಿಲೇಬಿ, ಜಿಲೇಬಿ’ ಎಂದು ಹಿಂದೆ ಓಡುತ್ತಿದ್ದರು.

ಈ ನಾಲ್ಕು ವಾದ್ಯಗಳ ಸ್ವಭಾವ ಬಲ್ಲವರಿಗೆ ಮಾತ್ರ ಮೇಷ್ಟ್ರ ಹಿರಿಮೆ ತಿಳಿದೀತು. ಐದು ಗೆರೆಯ ಮೇಲೆ ‘ಸಿ’ ಎಂದು ಬರೆದದ್ದನ್ನು ನೋಡಿ ಯೂಫೋನಿಯಂ ಊದಿದರೆ ‘ಸಿ’ಯೇ ಕೇಳುತ್ತದೆ. ಅದೇ ‘ಸಿ’ಯನ್ನು ನೋಡಿ ಟ್ರಂಪೆಟ್ ಊದಿದರೆ ಬಿ ಫ್ಲ್ಯಾಟ್ ಕೇಳುತ್ತದೆ, ಆಲ್ಟೋ ಸ್ಯಾಕ್ಸೊಫೋನ್ ಊದಿದರೆ ಇ ಫ್ಲ್ಯಾಟ್, ಹಾರ್ನ್ ಊದಿದರೆ ಐದು ಸ್ವರ ಕೆಳಗಿನ ಎಫ್. ಹಾಗಾಗಿ ಎಲ್ಲರೂ ‘ಸಿ’ಯನ್ನು ಷಡ್ಜ ಮಾಡಿಕೊಂಡು ಒಂದಾಗಿ ನುಡಿಯಬೇಕಾದರೆ ಟ್ರಂಪೆಟ್ಟಿನ ಹಾಳೆಯನ್ನು ಡಿಗೆ ಏರಿಸಿ ಮೊದಲಿಗೆ ಎರಡು ಶಾರ್ಪ್ ಇಡಬೇಕು, ಸ್ಯಾಕ್ಸೊಫೋನಿನದನ್ನು ‘ಎ’ಗೆ ಏರಿಸಿ ಮೂರು ಶಾರ್ಪ್ ಇಡಬೇಕು, ಹಾರ್ನಿನದನ್ನು ಜಿಗೆ ಏರಿಸಿ ಒಂದು ಶಾರ್ಪ್ ಇಡಬೇಕು ಎಂದು ಸಂಕುಚಿತ ಮನಸ್ಸಿನ ಕೆಲವರು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಟ್ರಂಪೆಟ್ಟಿಗೊಂದು ನ್ಯಾಯ, ಹಾರ್ನಿಗೊಂದು ನ್ಯಾಯ! ಪಂಕ್ತಿಭೇದವನ್ನು ಕನಸಿನಲ್ಲಿಯೂ ಸಹಿಸದ ನಮ್ಮ ಮೇಷ್ಟ್ರು ಒಂದೇ ಹಾಳೆ ಬರೆದು, ಅದನ್ನೇ ನಾಲ್ಕು ಜೆರಾಕ್ಸ್ ಮಾಡಿಸಿ, ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಟ್ರಂಪೆಟ್’, ‘ಸ್ಯಾಕ್ಸ್’, ‘ಯೂಫೋ’, ‘ಹಾರ್ನ್’ ಎಂದು ತಮ್ಮ ಸುಂದರ ಹಸ್ತಾಕ್ಷರದಲ್ಲಿ ಬರೆದು ಹಂಚಿದರು. ಸಮಾನತೆಯನ್ನು ವೇದಿಕೆಯ ಮೇಲೆ ಕೊಂಡಾಡುವವರು ಬಹಳ ಮಂದಿ. ತಲಾ ಒಂದು ಹಾಳೆಯ ಜೆರಾಕ್ಸ್ ಖರ್ಚಿನಲ್ಲಿ ಅದನ್ನು ಬೀದಿಗೆ ತಂದವರನ್ನು ನಾನು ನೋಡಿದ್ದು ಇದೇ ಮೊದಲು.

ಫಲಿತಾಂಶವನ್ನು ಶಾಸ್ತ್ರದ ಕಣ್ಣಿನಿಂದ ನೋಡಿದಾಗಂತೂ ಮೈ ಜುಮ್ಮೆನ್ನುತ್ತದೆ. ಯೂಫೋನಿಯಮ್ಮಿನ ‘ಸಿ’ಯನ್ನು ಷಡ್ಜವೆಂದಿಟ್ಟುಕೊಳ್ಳಿ. ಸ್ಯಾಕ್ಸೊಫೋನಿನ ಷಡ್ಜ ಸಾಧಾರಣ ಗಾಂಧಾರದಲ್ಲಿ ನಿಂತಿತು, ಹಾರ್ನಿನ ಷಡ್ಜ ಶುದ್ಧ ಮಧ್ಯಮದಲ್ಲಿ, ಟ್ರಂಪೆಟ್ಟಿನದು ಕೈಶಿಕಿ ನಿಷಾದದಲ್ಲಿ. ಮೋಹನ ರಾಗಕ್ಕೆ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಕೊರತೆ. ಶತಮಾನಗಳಿಂದ ಮಹಾ ಮಹಾ ವಿದ್ವಾಂಸರು ಈ ಬಡರಾಗವನ್ನು ಐದೇ ಸ್ವರಗಳಲ್ಲಿ ಉಪವಾಸ ಕೆಡವಿದ್ದರು. ನಮ್ಮ ಮೇಷ್ಟ್ರು ಕೇಳದೆಯೇ ಅದಕ್ಕೆ ಮಧ್ಯಮ ನಿಷಾದಗಳೆರಡನ್ನೂ ದಯಪಾಲಿಸಿ, ಅದರ ಅಂತರ ಗಾಂಧಾರಕ್ಕೆ ಜೋಡಿಯಾಗಿ ಒಂದು ಸಾಧಾರಣ ಗಾಂಧಾರವನ್ನೂ ಕೂರಿಸಿಬಿಟ್ಟರು. ಗ್ರಹಭೇದ ಮಾಡುವ ವಿದ್ವಾಂಸರು ಒಂದು ಕಛೇರಿಯಲ್ಲಿ ಒಮ್ಮೆ ಷಡ್ಜವನ್ನು ಅತ್ತಿತ್ತ ಸರಿಸಿ, ಚಪ್ಪಾಳೆ ಗಿಟ್ಟಿಸಿ, ಬೆವರೊರೆಸಿಕೊಂಡು ಮನೆಗೆ ಮರಳುತ್ತಾರೆ. ಇಲ್ಲಿ ನಾಲ್ಕು ಷಡ್ಜಗಳು ಒಂದನ್ನೊಂದು ಬಿಟ್ಟುಕೊಡದೆ ಅರ್ಧ ಕಿಲೋಮೀಟರ್ ದೂರ ಕೈಕೈ ಹಿಡಿದು ನಡೆದವು.

ಇದು ಆಕಸ್ಮಿಕವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇಷ್ಟ್ರು ಕಂಪ್ಯೂಟರಿನಲ್ಲಿ ಸ್ವರಲಿಪಿ ಬರೆಯುವವರು. ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತದೆ. ಅದರಲ್ಲಿ ‘ಕನ್ಸರ್ಟ್ ಪಿಚ್’ ಎಂಬ ಒಂದು ಗುಂಡಿಯಿದೆ. ಅದನ್ನು ಆಫ್ ಮಾಡಿದರೆ ಸಾಕು, ಟ್ರಂಪೆಟ್ಟಿಗೆ ಎರಡು ಶಾರ್ಪ್, ಸ್ಯಾಕ್ಸೊಫೋನಿಗೆ ಮೂರು, ಪ್ರತಿಯೊಂದೂ ತಂತಾನೇ ತನ್ನ ಜಾಗಕ್ಕೆ ಹೋಗಿ ಕುಳಿತುಬಿಡುತ್ತದೆ; ಮನುಷ್ಯನ ತಲೆಗೆ ಕೆಲಸವೇ ಇಲ್ಲ. ತಲೆಗೆ ಕೆಲಸವಿಲ್ಲದಂತೆ ಮಾಡುವ ಯಂತ್ರಗಳು ಸಮಾಜವನ್ನು ಎಲ್ಲಿಗೆ ಒಯ್ಯುತ್ತವೆ ಎಂಬ ಚಿಂತೆ ಮೇಷ್ಟ್ರಿಗೆ ಮೊದಲಿನಿಂದಲೂ ಇದೆ. ಹಾಗಾಗಿ ಆ ಗುಂಡಿಯನ್ನು ಅವರು ಈ ತನಕ ಆಫ್ ಮಾಡಿಲ್ಲ. ಕಂಪ್ಯೂಟರಿನ ಸ್ಪೀಕರಿನಲ್ಲಿ ನಾಲ್ಕೂ ವಾದ್ಯಗಳು ಇಂಪಾಗಿ ಒಂದೇ ಶ್ರುತಿಯಲ್ಲಿ ಕೇಳಿದ್ದನ್ನು ಅವರು ಮೂರು ಸಲ ಪರೀಕ್ಷಿಸಿದ್ದರು. ಬೀದಿಯಲ್ಲಿ ಹಾಗೆ ಕೇಳದಿದ್ದರೆ ಅದು ಬೀದಿಯ ದೋಷ.

ಮೆರವಣಿಗೆ ಹೊರಡುವ ಮುನ್ನ ಹೂವಿನ ಪಲ್ಲಕ್ಕಿಯ ಹಿಂದೆ ನಡೆದ ಸಂವಾದ ಅಕ್ಷರಶಃ ನನ್ನ ಕಿವಿಗೆ ಬಿದ್ದಿತ್ತು. ಅರಕಲಗೂಡಿನ ಹಿರಿಯರು ಕನ್ನಡಕ ಏರಿಸಿ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ಕೇಳಿದರು:

“ಮೇಷ್ಟ್ರೇ, ಇದನ್ನ ಹಾರ್ನ್‌ಗೆ ಏರ್ಸಿ ಬರ್ದಿದೀರೋ, ಹಂಗೇ ಬಿಟ್ಟಿದೀರೋ?”

“ಯಜಮಾನ್ರೇ, ಸಂಗೀತ ಅಂದ್ಮೇಲೆ ಸಂಗೀತ. ಅದ್ರಲ್ಲಿ ಏರ್ಸೋದು ಇಳ್ಸೋದು ಅಂತ ಭೇದ ಮಾಡ್ಬಾರ್ದು.”

“ಅಲ್ಲ ಸ್ವಾಮಿ, ಮುಂದ್ಗಡೆ ಒಂದು ಶಾರ್ಪೂ ಇಲ್ವಲ್ಲ.”

“ಹಾರ್ನ್‌ಗೆ ಕೀ ಸಿಗ್ನೇಚರ್ ಹಾಕೋ ಪದ್ಧತಿ ಇಲ್ಲ. ಅಷ್ಟು ವರ್ಷ ಊದಿದೀರಿ, ನಿಮ್ಗೇ ಗೊತ್ತಿಲ್ವಾ?”

“ಗೊತ್ತು. ಆದ್ರೆ ಸಿಯಲ್ಲಿದ್ರೂ ಇರಲ್ಲ, ಪದ್ಧತಿ ಪ್ರಕಾರ ಬರ್ದ್ರೂ ಇರಲ್ಲ. ಇದು ಯಾವ ಇಲ್ಲ?”

“ಎರಡ್ರಲ್ಲಿ ಒಂದು ಅನ್ಕೊಳಿ.”

ವೇದಾಂತದ ಗ್ರಂಥಗಳು ನೂರಾರು ಪುಟಗಳಲ್ಲಿ ತಡಕಾಡುವ ಶೂನ್ಯದ ತತ್ತ್ವವನ್ನು ಮೂರು ಮಾತಿನಲ್ಲಿ ಮುಗಿಸಿದ ಈ ಉತ್ತರದ ಆಳವನ್ನು ಅಳೆಯಲು ಸ್ವಲ್ಪ ಹಿನ್ನೆಲೆ ಬೇಕು. ಹಾರ್ನಿನ ಹಾಳೆಯಲ್ಲಿ ಸಾಲಿನ ಮೊದಲಿಗೆ ಶಾರ್ಪು ಫ್ಲ್ಯಾಟುಗಳನ್ನು ಇಡದಿರುವುದು ನಿಜಕ್ಕೂ ಹಳೆಯ ಸಂಪ್ರದಾಯ. ಹಾಳೆಯ ಆರಂಭ ಖಾಲಿಯಾಗಿದ್ದು, ಒಳಗೆ ಬೇಕಾದ ಕಡೆಯೆಲ್ಲ ಒಂದೊಂದೇ ಸ್ವರದ ಪಕ್ಕ ಗುರುತು ಹಚ್ಚಿರುತ್ತಾರೆ. ಒಳಗಿನ ಆ ಗುರುತುಗಳನ್ನು ನೋಡಿ, ಇದು ಯಾವ ಖಾಲಿ ಎಂದು ಊದುವವನು ಊಹಿಸಿಕೊಳ್ಳಬೇಕು. ಆದರೆ ಜಿಯಿಂದ ಹೊರಟ ಮೋಹನದಲ್ಲಿ ಎಫ್ ಶಾರ್ಪ್ ಎಂಬುದು ನಿಷಾದ. ಮೋಹನಕ್ಕೆ ನಿಷಾದವೇ ಇಲ್ಲ. ಹಾಗಾಗಿ ಸರಿಯಾಗಿ ಏರಿಸಿ ಬರೆದಿದ್ದರೂ ಒಳಗೆ ಒಂದು ಗುರುತೂ ಇರುತ್ತಿರಲಿಲ್ಲ, ಏರಿಸದೆ ಬಿಟ್ಟಿದ್ದರೂ ಇರುತ್ತಿರಲಿಲ್ಲ. ಊಹೆಗೆ ಒಂದು ಎಳೆಯೂ ಉಳಿಯದ ಹಾಗೆ ರಾಗವನ್ನು ಆರಿಸಿದ ಈ ಸೂಕ್ಷ್ಮವನ್ನು ಏನೆಂದು ಕೊಂಡಾಡಲಿ? ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆಯಾದರೂ ತೆರೆದು ಭಕ್ತರಿಗೆ ದರ್ಶನ ಸಿಗುತ್ತದೆ. ಮೇಷ್ಟ್ರ ಹಾಳೆ ಅಷ್ಟು ಸುಲಭಕ್ಕೆ ಒಲಿಯುವಂಥದ್ದಲ್ಲ.

ಪರಂಪರೆಯ ಮಾತು ಬಂದದ್ದರಿಂದ ಅದರ ಹಿರಿಯರಿಗೂ ಇಲ್ಲೇ ಒಂದು ನಮಸ್ಕಾರ ಸಲ್ಲಬೇಕು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಹಾರ್ನಿಗೆ ಕವಾಟಗಳಿರಲಿಲ್ಲ. ಬೇರೆ ಶ್ರುತಿ ಬೇಕಾದರೆ ಬೇರೆ ಉದ್ದದ ಸುರುಳಿಕೊಳವೆ ಸಿಕ್ಕಿಸಬೇಕು. ಡಿಗೆ ಒಂದು, ಇ ಫ್ಲ್ಯಾಟಿಗೆ ಒಂದು, ಎಫ್‌ಗೆ ಒಂದು. ಊದುವವರು ಪೆಟ್ಟಿಗೆ ತುಂಬ ಸುರುಳಿ ಹೊತ್ತು ತಿರುಗುತ್ತಿದ್ದರು. ಯಾವ ಸುರುಳಿ ಹಾಕಿದರೂ ಹಾಳೆಯಲ್ಲಿ ಬರೆದದ್ದು ‘ಸಿ’ಯೇ, ಆದ್ದರಿಂದ ಮೊದಲಿಗೆ ಗುರುತುಗಳು ಬೇಕಿರಲಿಲ್ಲ. ಆ ಕಾಲಕ್ಕೆ ಇದಕ್ಕೆ ಕಾರಣವಿತ್ತು ಎಂಬುದನ್ನು ನಾನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. 1814ರ ಸುಮಾರಿಗೆ ಜರ್ಮನಿಯ ಸ್ಟೋಲ್ಜೆಲ್ ಹಾರ್ನಿಗೆ ಕವಾಟ ಜೋಡಿಸಿದ. ಒಂದೇ ವಾದ್ಯದಲ್ಲಿ ಎಲ್ಲ ಸ್ವರಗಳೂ ಬರತೊಡಗಿ, ಸುರುಳಿಯ ಪೆಟ್ಟಿಗೆ ಕಾಲಕ್ರಮೇಣ ಅಟ್ಟ ಸೇರಿತು. ಕಾರಣ ಹೋಯಿತು. ಆದರೆ ಕಾರಣವಿದ್ದಾಗ ಪಾಲಿಸುವುದು ಯಾವ ಮಹಾಸಾಧನೆ? ಕಾರಣ ಹೋದ ಮೇಲೂ ಹಾರ್ನಿನ ಹಾಳೆ ಬರೆಯುವವರು ಒಂದೇ ಕೃತಿಯೊಳಗೆ ಈಗ ‘ಇ’ಯಲ್ಲಿ, ಈಗ ಡಿಯಲ್ಲಿ ಎಂದು ಆಜ್ಞಾಪಿಸುತ್ತಲೇ ಹೋದರು. ಊದುವವನ ಕೈಯಲ್ಲಿ ಎಫ್ ಹಾರ್ನು, ಕಣ್ಣೆದುರು ಡಿಯ ಹಾಳೆ, ನಡುವಿನ ಲೆಕ್ಕ ಅವನ ತಲೆಯೊಳಗೆ, ಅದೂ ಉಸಿರು ಬಿಗಿಹಿಡಿದಾಗ. ಜರ್ಮನರು ಬಿ ಸ್ವರವನ್ನು ‘ಎಚ್’ ಎಂದು ಕರೆಯುವುದರಿಂದ ಕೆಲವು ಹಾಳೆಗಳ ಮೇಲೆ ‘ಹಾರ್ನ್ ಇನ್ ಎಚ್’ ಎಂದೂ ಇರುತ್ತದೆ. ‘ಎಚ್’ ಎಂದರೆ ಹಾರ್ನೇ ಇರಬೇಕೆಂದು ನಂಬಿ ಊದಿದವರ ಶ್ರದ್ಧೆಯೂ ದೊಡ್ಡದು.

ಈ ಖಾಲಿತನದ ಸೌಂದರ್ಯ ಹೊರಗಿನವರಿಗೆ ಬೇಗ ಹತ್ತುವುದಿಲ್ಲ. ನಮಗಾದರೋ ಮನೆಯಂಗಳದಲ್ಲೇ ಉದಾಹರಣೆ ನಿಂತಿದೆ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿಯ ಗೊಮ್ಮಟನನ್ನು ನೋಡಿ. ತೊಟ್ಟದ್ದು ಏನೂ ಇಲ್ಲ. ಎಲ್ಲ ತ್ಯಜಿಸಿದ ಮೂರ್ತಿ. ಆದರೆ ಕಾಲುಗಳನ್ನೂ ತೋಳುಗಳನ್ನೂ ಬಳ್ಳಿಗಳು ತಬ್ಬಿ ಮೇಲೇರಿವೆ, ಪಾದದ ಬಳಿ ಹುತ್ತಗಳೆದ್ದಿವೆ. ಹಾರ್ನಿನ ಹಾಳೆಯೂ ಅಂಥದೇ ತಪಸ್ವಿ. ಸಾಲಿನ ಆರಂಭದಲ್ಲಿ ಒಂದು ಶಾರ್ಪನ್ನೂ ಮೈಗೆ ಹಚ್ಚಿಕೊಳ್ಳದ ಅಪರಿಗ್ರಹ; ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಶಾರ್ಪು ಫ್ಲ್ಯಾಟುಗಳ ಬಳ್ಳಿಗಳು ಮೊಣಕಾಲು ದಾಟಿ, ನಾಲ್ಕನೆಯ ಸಾಲಿಗೆ ಕುತ್ತಿಗೆ ಮುಟ್ಟಿರುತ್ತವೆ. ಮೊದಲಲ್ಲಿ ಮೂರು ಗುರುತು ಇಟ್ಟು ಮುಗಿಸಬಹುದಾಗಿದ್ದ ಕಡೆ ಒಳಗೆ ಮೂವತ್ತು ಗುರುತು ಹಚ್ಚುವ ಈ ಪರಿಶ್ರಮ ಜಿಪುಣರಿಗೆ ಅರ್ಥವಾಗದು.

ಮಂದ್ರದ ಸ್ವರಗಳಲ್ಲಂತೂ ಈ ಔದಾರ್ಯಕ್ಕೆ ಎಲ್ಲೆಯೇ ಇಲ್ಲ. ಬಾಸ್ ಕ್ಲೆಫ್‌ನಲ್ಲಿ ಬರೆದಾಗ, ಹಳೆಯ ಪದ್ಧತಿಯಾದರೆ ಎಫ್ ಹಾರ್ನಿನಿಂದ ಬರೆದದ್ದಕ್ಕಿಂತ ನಾಲ್ಕು ಸ್ವರ ಮೇಲೆ ಕೇಳಬೇಕು. ಹೊಸ ಪದ್ಧತಿಯಾದರೆ ಐದು ಸ್ವರ ಕೆಳಗೆ. ಎರಡಕ್ಕೂ ನಡುವೆ ಒಂದು ಸ್ಥಾಯಿಯೇ ಅಂತರ. ಯಾವ ಪದ್ಧತಿಯೆಂದು ಹಾಳೆಯ ಮೇಲೆ ಬರೆದಿಡುವ ಅಸಭ್ಯತೆಗೆ ಬಹುಮಂದಿ ಇಳಿಯುವುದಿಲ್ಲ. ಒಮ್ಮೆ ಮೇಲೆ ಊದು, ಬೈಸಿಕೊಂಡರೆ ಕೆಳಗೆ ಊದು.

ಇಂಥ ಸಾಗರದ ಎದುರು ನಮ್ಮ ಸೀಮೆಯ ಸಂಗೀತವನ್ನು ನಿಲ್ಲಿಸಿದರೆ ನಾಚಿಕೆಯಾಗುತ್ತದೆ. ಅರಕಲಗೂಡು ತಾಲೂಕಿನಲ್ಲಿ ಕಾವೇರಿಯ ದಡದ ಮೇಲೆ ರುದ್ರಪಟ್ಟಣವೆಂಬ ಊರಿದೆ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಇನ್ನೂ ಎಷ್ಟೋ ಮಂದಿ ವಿದ್ವಾಂಸರನ್ನು ಕೊಟ್ಟ ಊರೆಂದು ಅದನ್ನು ಹೊಗಳುವವರಿದ್ದಾರೆ. ತಂಬೂರಿಯ ಆಕಾರದ ಒಂದು ಗುಡಿಯನ್ನೂ ಅಲ್ಲಿ ಕಟ್ಟಿದ್ದಾರೆ. ಆದರೆ ಅವರ ಬರವಣಿಗೆಯ ದಾರಿದ್ರ್ಯ ನೋಡಿ: ಸರಿಗಮ ಎಂದು ಒಂದೇ ಸಲ ಬರೆದಿಟ್ಟರೆ ಮುಗಿಯಿತು. ಹೆಣ್ಣುಮಕ್ಕಳು ತಮ್ಮ ಶ್ರುತಿಗೆ ಹಾಡಲಿ, ಗಂಡಸರು ತಮ್ಮ ಶ್ರುತಿಗೆ ಹಾಡಲಿ, ಪಿಟೀಲಿನವರು ಹಾಡುವವರಿಗೆ ತಂತಿ ಕೂಡಿಸಿಕೊಳ್ಳಲಿ, ಬರಹಕ್ಕೆ ಏನೂ ಆಗುವುದಿಲ್ಲ. ಷಡ್ಜ ಎಲ್ಲಿ ನಿಂತರೆ ಅಲ್ಲಿಂದ ಲೆಕ್ಕ. ತಂಬೂರಿ ಮೀಟಿದ ಮೇಲೆ ಯಾವ ಶ್ರುತಿಯೆಂದು ಯಾರೂ ಯಾರನ್ನೂ ಕೇಳುವ ಹಾಗೇ ಇಲ್ಲ. ಎಲ್ಲರಿಗೂ ಒಂದೇ ಹಾಳೆ ಎಂಬ ನಮ್ಮ ಮೇಷ್ಟ್ರ ಸಿದ್ಧಾಂತವೇ ಅಲ್ಲಿಯೂ ಇದೆಯಲ್ಲ ಎಂದು ಯಾರಾದರೂ ಕೇಳಿಯಾರು. ಇದೆ, ಆದರೆ ಅಲ್ಲಿ ಹಾಡು ಮುಗಿಯುವವರೆಗೂ ಎಲ್ಲರೂ ಒಂದೇ ಷಡ್ಜದಲ್ಲಿರುತ್ತಾರೆ. ಸಿದ್ಧಾಂತವನ್ನು ಅವರು ಅರ್ಧದಾರಿಗೇ ಕೈಬಿಟ್ಟಿದ್ದಾರೆ.

ಮೈಸೂರಿನ ಅರಮನೆಯೂ ಇದೇ ಜಾಡಿನಲ್ಲಿ ದಾರಿ ತಪ್ಪಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಪಾಶ್ಚಾತ್ಯ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಜರ್ಮನಿಯ ಆಟೊ ಷ್ಮಿಟ್ ಎಂಬುವರನ್ನು ವಾದ್ಯವೃಂದಕ್ಕೆ ಇಟ್ಟುಕೊಂಡಿದ್ದರು. ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಮನುಷ್ಯರನ್ನು ಕೂರಿಸಿ, ಅವರವರ ವಾದ್ಯಕ್ಕೆ ಅವರವರ ಹಾಳೆ ಬರೆಸಿದ ಕಾಲ ಅದು. ಜಯಚಾಮರಾಜ ಒಡೆಯರದಂತೂ ಇನ್ನೂ ಅತಿ. ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ, ಹಾರ್ನ್ ವಾದಕನ ಮಗನಾದ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರದರ್ಶನ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಲು ಹಣದ ಭರವಸೆ ಕೊಟ್ಟರು. ಆ ನಾಲ್ಕರಲ್ಲಿ ಸೆಪ್ಟೆಂಬರ್ ತಿಂಗಳನ್ನು ಕುರಿತ ಗೀತೆ ಮುಗಿಯುವುದು ಹಾರ್ನಿನ ಒಂಟಿ ದನಿಯಲ್ಲಿ. ಕೇಳಿದವರ ಕಣ್ಣು ಒದ್ದೆಯಾಗುತ್ತದಂತೆ. ಆಗದೆ ಏನು? ವಾದ್ಯವೃಂದ ಒಂದು ಶ್ರುತಿಯಲ್ಲಿ, ಹಾರ್ನೂ ಅದೇ ಶ್ರುತಿಯಲ್ಲಿ, ಅದರಲ್ಲಿ ಹೊಸತನವೇನು? ಮೈಸೂರಿನ ಬೊಕ್ಕಸದ ಹಣಕ್ಕೆ ನಾಲ್ಕು ಶ್ರುತಿಗಳಾದರೂ ಬರಬೇಡವೇ?

ಅದೇ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಮಾಡಿದ್ದೂ ಇದಕ್ಕಿಂತ ಭಿನ್ನವಲ್ಲ. ವಾದ್ಯವನ್ನು ತಿದ್ದಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಅದರ ಬಾಯಲ್ಲಿ ಗಮಕ ಹೊರಡಿಸಿ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದವರೆಗೂ ಹೋಗಿ ಬಂದರು. ತಮ್ಮ ವಾದ್ಯದ ಷಡ್ಜವೇ ಷಡ್ಜವೆಂದು ಹಿಡಿದು, ಪಕ್ಕವಾದ್ಯಗಳನ್ನು ಅದಕ್ಕೆ ಕೂಡಿಸಿ, ಕೀ ಸಿಗ್ನೇಚರಿನ ಗೊಡವೆಯನ್ನೇ ಬಿಟ್ಟರು. ಈಗ ನಮ್ಮ ಕಡೆಯ ವಾಲಗದಲ್ಲೂ ಸ್ಯಾಕ್ಸೊಫೋನ್ ಬಂದು ಕೂತಿದೆ, ಅವರೂ ಅದೇ ಹಾದಿ. ಚನ್ನರಾಯಪಟ್ಟಣದಿಂದ ಬಂದಿದ್ದ ಹುಡುಗನೂ ಅದೇ ಶಾಲೆಯವನಾಗಿದ್ದರಿಂದ ಮೆರವಣಿಗೆ ಅರ್ಧ ಕಿಲೋಮೀಟರ್ ಸಾಗುವಷ್ಟರಲ್ಲಿ ಹಾಳೆಯನ್ನು ಬಿಟ್ಟು ಕಿವಿಯನ್ನು ನಂಬತೊಡಗಿದ. ಅರಕಲಗೂಡಿನ ಹಿರಿಯರು ಒಂದು ಗಳಿಗೆ ಕಣ್ಣು ಮುಚ್ಚಿ, ಬಲಗೈಯನ್ನು ಹಾರ್ನಿನ ಬಾಯೊಳಗೆ ಸರಿಮಾಡಿಕೊಂಡು, ಎಲ್ಲವನ್ನೂ ಮನಸ್ಸಿನಲ್ಲೇ ಐದು ಸ್ವರ ಏರಿಸಿ ಯೂಫೋನಿಯಮ್ಮಿನ ಜೊತೆ ಸೇರಿಬಿಟ್ಟರು. ಟ್ರಂಪೆಟ್ಟಿನವನು ಇಬ್ಬರನ್ನೂ ನೋಡಿದ. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಮೋಹನ ಒಂದೇ ಆಗಿ, ಬಡಪಾಯಿ ಐದು ಸ್ವರಗಳಿಗೇ ಇಳಿದು, ಹೆಂಗಸರು ಸೆರಗು ಸರಿಪಡಿಸಿಕೊಂಡು ಕೇಳತೊಡಗಿದರು. ಮೇಷ್ಟ್ರ ಕಲ್ಪನೆಗೆ ಊದುವವರು ಮಾಡಿದ ಈ ದ್ರೋಹವನ್ನು ನಾನು ಖಂಡಿಸುತ್ತೇನೆ.

ನ್ಯಾಯ ಮಾತ್ರ ಕಡೆಗೆ ಸಿಕ್ಕಿತು. ಊಟದ ನಂತರ ಲೆಕ್ಕ ಚುಕ್ತಾ ಮಾಡುವಾಗ, ಶುರುವಿನಲ್ಲಿ ಶ್ರುತಿ ಸೇರಲಿಲ್ಲವೆಂಬ ಕಾರಣಕ್ಕೆ ಊದುವ ನಾಲ್ವರ ಕೂಲಿಯಲ್ಲೂ ಸಮನಾಗಿ ಮುರಿದುಕೊಂಡರು, ಅಲ್ಲಿಯೂ ಪಂಕ್ತಿಭೇದವಿಲ್ಲ. ಮೇಷ್ಟ್ರಿಗೆ ಶಾಲು, ಹಾರ, ತೆಂಗಿನಕಾಯಿಯ ತಾಂಬೂಲ. ಅವರು ಶಾಲು ಹೊದ್ದುಕೊಂಡೇ ಎದ್ದು, ಮಾರನೆಯ ದಿನ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಮದುವೆಯಿರುವುದನ್ನು ನೆನೆದು, ಹಾಳೆಗಳನ್ನು ವಾಪಸು ಕೇಳಿದರು. ಮೂರು ಸಿಕ್ಕವು. ಹಾರ್ನಿನದು ಸಿಗಲಿಲ್ಲ. ಹಿರಿಯರು ಅದನ್ನು ನಾಲ್ಕು ಮಡಿಕೆ ಮಾಡಿ, ಹಾರ್ನಿನ ಕೊಳವೆಯಿಂದ ಇಳಿದ ನೀರು ಕೋಟಿನ ಮೇಲೆ ಬೀಳದಂತೆ ತೊಡೆಯ ಮೇಲೆ ಹಾಸಿಕೊಂಡಿದ್ದರು, ಒದ್ದೆಯಾಗಿ ಹರಿದುಹೋಗಿತ್ತು.

ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಟ್ರಂಪೆಟ್ಟಿನ ಹಾಳೆಯನ್ನು ಹಿಡಿದು ಎದುರಿನ ಜೆರಾಕ್ಸ್ ಅಂಗಡಿಗೆ ನಡೆದರು. ಎರಡು ರೂಪಾಯಿ ಕೊಟ್ಟು ಒಂದು ಪ್ರತಿ ತೆಗೆಸಿ, ಅಂಗಡಿಯವನ ಪೆನ್ನು ಇಸಿದುಕೊಂಡು, ‘ಟ್ರಂಪೆಟ್’ ಎಂದಿದ್ದುದಕ್ಕೆ ಅಡ್ಡಗೆರೆ ಎಳೆದು, ಅದರ ಮೇಲೆ ಗುಂಡಾದ ಅಕ್ಷರದಲ್ಲಿ ‘ಹಾರ್ನ್’ ಎಂದು ಬರೆದರು.